ನಿಂಬೆ ಹಿಂಡಿದ ಮೇಲೆ ಗಡಿಯಾರ ನೋಡಿ

ಮೆಕ್ಸಿಕೋದ ಪೆಸಿಫಿಕ್ ಕರಾವಳಿಯಲ್ಲಿ ಮಾರಿಸ್ಕೆರಿಯಾ ಎಂದರೆ ಮೀನು, ಸಿಗಡಿ, ಮರುವಾಯಿಗಳ ಸಾದಾ ಹೋಟೆಲು. ಗರಿಯ ಮಾಡು, ಪ್ಲಾಸ್ಟಿಕ್ ಕುರ್ಚಿ, ಮೇಜಿನ ಮೇಲೆ ನಾಲ್ಕು ಸಾಸ್ ಬಾಟಲಿ, ಕಿವಿ ತುಂಬುವಷ್ಟು ಹಾಡು. ಅಲ್ಲಿ ಎಲ್ಲರೂ ತರಿಸುವುದು ಸೆವಿಚೆ: ಹಸಿ ಮೀನಿನ ಚೂರಿಗೆ ನಿಂಬೆರಸ, ಈರುಳ್ಳಿ, ಟೊಮೆಟೊ, ಹಸಿಮೆಣಸು, ಕೊತ್ತಂಬರಿ. ಒಲೆಗೆ ಕೆಲಸವಿಲ್ಲ. ನಾನು ಕುಂದಾಪುರದ ಕಡೆಯವನು, ಮೀನು ತಿಂದೇ ಬೆಳೆದವನು. ಆದರೂ ಮೊದಲ ಸಲ ಸೋತು ಎದ್ದು ಬಂದೆ. ಆ ಸೋಲು ಕಲಿಸಿದ್ದು ಇಷ್ಟು.

1. ಹಗಲಲ್ಲೇ ಹೋಗಿ.
ಒಳ್ಳೆಯ ಮಾರಿಸ್ಕೆರಿಯಾಗಳಲ್ಲಿ ಹೆಚ್ಚಿನವು ಸಂಜೆ ಐದರ ಹೊತ್ತಿಗೆ ಬಾಗಿಲು ಹಾಕುತ್ತವೆ. ಬೆಳಿಗ್ಗೆ ದೋಣಿಯಿಂದ ಇಳಿದದ್ದು ಮಧ್ಯಾಹ್ನಕ್ಕೆ ಖಾಲಿಯಾಗಬೇಕು, ಅಷ್ಟೇ ಲೆಕ್ಕ. ಹನ್ನೆರಡರಿಂದ ಮೂರರ ನಡುವೆ ಹೋದವನು ಗೆದ್ದ. ರಾತ್ರಿ ಒಂಬತ್ತಕ್ಕೆ ಬಣ್ಣದ ದೀಪ ಹಚ್ಚಿಕೊಂಡು ಸೆವಿಚೆ ಕೊಡುತ್ತೇವೆಂದು ಕರೆಯುವ ಕಡೆ ಸುಮ್ಮನೆ ಏನಾದರೂ ಕುಡಿದು ಎದ್ದುಬನ್ನಿ.

2. ಬೋರ್ಡು ಬಿಡಿ, ಗಿರಾಕಿ ನೋಡಿ.
ಮೂರು ತಲೆಮಾರಿನ ಕುಟುಂಬ ಒಂದೇ ಮೇಜಿಗೆ ಕೂತಿದೆಯೇ? ನಿಂಬೆ ಹೋಳಿನ ತಟ್ಟೆ ಮೇಲಿಂದ ಮೇಲೆ ತುಂಬುತ್ತಿದೆಯೇ? ಕೂರಿ. ಒಳಗೆ ಕಾಲಿಟ್ಟಾಗ ಕಡಲಿನ ವಾಸನೆ ಬಂದರೆ ಸರಿ, ಅಮೋನಿಯಾದಂಥ ಘಾಟು ಮೂಗಿಗೆ ಹೊಡೆದರೆ ಬಂದ ದಾರಿಗೆ ಸುಂಕವಿಲ್ಲ. ಬೀದಿ ಗಾಡಿಯೆಂದು ಹಿಂಜರಿಯಬೇಕಿಲ್ಲ. ಎನ್ಸೆನಾಡಾ ಊರಿನ ಲಾ ಗೆರೆರೆನ್ಸೆ ಹುಟ್ಟಿದ್ದು ಗಾಡಿಯಾಗಿಯೇ. ಅದರ ಒಡತಿ, ಗೆರೆರೋ ಪ್ರಾಂತ್ಯದ ಸಬೀನಾ ಬಂದೇರಾ ಅವರ ಕೈರುಚಿಗೆ, ಅದರಲ್ಲೂ ಕಡಲ ಮುಳ್ಳುಚೆಂಡು ಹೇರಿದ ಗರಿಗರಿ ರೊಟ್ಟಿ ಟೊಸ್ಟಾಡಾಗೆ, ಅಮೆರಿಕದ ಬಾಣಸಿಗ ಆಂಥನಿ ಬೋರ್ಡೇನ್ ಅಂಥವರೂ ಮರುಳಾದರು.

3. ಮೆನು ಓದುವ ಮೊದಲು ಒಂದು ಪ್ರಶ್ನೆ ಕೇಳಿ.
"ಕೆ ಎಸ್ತಾ ಫ್ರೆಸ್ಕೊ ಓಯ್?" ಇವತ್ತು ತಾಜಾ ಯಾವುದು? ಉಚ್ಚಾರ ಹೇಗೇ ಇರಲಿ, ಕೇಳುವ ಗಿರಾಕಿಗೆ ಮರ್ಯಾದೆ ಬೇರೆ. ಉತ್ತರ "ಸಿಯೆರಾ" ಎಂದು ಬಂದರೆ ಕರಾವಳಿಯವರು ಕಣ್ಣು ಮುಚ್ಚಿ ಹೂಂ ಅನ್ನಬಹುದು, ಅದು ನಮ್ಮ ಅಂಜಲ್‌ನ ದಾಯಾದಿ. ಎರಡೂ ಒಂದೇ ಕುಲದ ಮೀನು. ಸಿಗಡಿ ಕೇಳುವಾಗ ಮಾತ್ರ ತಿಂಗಳು ನೆನಪಿರಲಿ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರ ತನಕ ದೋಣಿ ದಡದಲ್ಲಿರುವಂತೆ, ಅಲ್ಲಿಯೂ ಹೆಚ್ಚುಕಡಿಮೆ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲ ಸಿಗಡಿ ಹಿಡಿಯುವಂತಿಲ್ಲ. ಇದಕ್ಕೆ 'ವೇದಾ' ಎನ್ನುತ್ತಾರೆ. ನಮ್ಮ ನಾಲ್ಕಕ್ಕೂ ಅದಕ್ಕೂ ಸಂಬಂಧವಿಲ್ಲ! ಆ ತಿಂಗಳುಗಳಲ್ಲಿ ಬರುವುದು ಸಾಕಿದ ಸಿಗಡಿ, ಇಲ್ಲವೇ ಫ್ರೀಜರಿನದು.

4. "ನಿಂಬೆ ಬೇಯಿಸುತ್ತದೆ" ಎಂಬುದನ್ನು ಅರ್ಧ ಮಾತ್ರ ನಂಬಿ.
ಹುಳಿ ತಾಗಿದ ಮೀನಿನ ಪ್ರೋಟೀನು ಬಿಗಿಯುತ್ತದೆ, ಗಾಜಿನಂತಿದ್ದ ಮಾಂಸ ಬೆಳ್ಳಗಾಗುತ್ತದೆ. ನೋಡಲು ಬೆಂದಂತೆಯೇ. ಆದರೆ ಬೆಂಕಿಯ ಇನ್ನೊಂದು ಕೆಲಸ, ಕ್ರಿಮಿ ಕೊಲ್ಲುವುದು, ನಿಂಬೆಯಿಂದ ಪೂರ್ತಿ ಆಗುವುದಿಲ್ಲ. ಅನಿಸಾಕಿಸ್ ಎಂಬ ಮೀನಿನ ಹುಳ ನಿಂಬೆರಸಕ್ಕೆ ಜಗ್ಗದು. ಅದನ್ನು ಕೊಲ್ಲಲು ಮೀನನ್ನು ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 7 ದಿನ ಇಡಬೇಕೆಂಬುದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಲೆಕ್ಕ. ಹಾಗಾಗಿ ಫ್ರೀಜರಿನಿಂದ ಬಂದ ಮೀನೆಂದು ಮೂಗು ಮುರಿಯಬೇಡಿ. ಬಸುರಿಯರು, ಪುಟ್ಟ ಮಕ್ಕಳು, ವಯಸ್ಸಾದವರು, ಲಿವರ್ ತೊಂದರೆ ಇರುವವರು ಹಸಿ ಮೀನಿನ ಗೊಡವೆಗೇ ಹೋಗುವುದು ಬೇಡ. ಕರಿದ ಮೀನಿನ ಟಾಕೋ ಇದೆ, ಎನ್ಸೆನಾಡಾ ಅದಕ್ಕೂ ಹೆಸರುವಾಸಿ.

5. ಪೆರುವಿನ ಸೆವಿಚೆಯನ್ನು ಇಲ್ಲಿ ಹುಡುಕಬೇಡಿ.
ಅಲ್ಲಿ ದಪ್ಪ ತುಂಡು, ಪಕ್ಕದಲ್ಲಿ ಬೇಯಿಸಿದ ಗೆಣಸು. 2023ರಲ್ಲಿ ಯುನೆಸ್ಕೋ ಪಾರಂಪರಿಕ ಪಟ್ಟಿಗೆ ಸೇರಿದ್ದೂ ಪೆರುವಿನದೇ. ಮೆಕ್ಸಿಕೋದವರು ಮೀನನ್ನು ಸಣ್ಣಗೆ ಹೆಚ್ಚುತ್ತಾರೆ. ಸಿನಲೋವಾ ಪ್ರಾಂತ್ಯದಲ್ಲಂತೂ ಸಿಯೆರಾವನ್ನು ಕೊಚ್ಚಿ, ತುರಿದ ಕ್ಯಾರೆಟ್ ಬೆರೆಸುತ್ತಾರೆ. ಮಸತ್ಲಾನ್‌ನಲ್ಲಿ ಆ ಬಟ್ಟಲು ಮುಂದೆ ಬಂದಾಗ ನನಗೆ ರಾಮನವಮಿಯ ಕೋಸಂಬರಿ ಕಂಡಿತು. ಅದೇ ಕ್ಯಾರೆಟ್ಟು, ಅದೇ ಕೊತ್ತಂಬರಿ, ಅದೇ ನಿಂಬೆ; ಹೆಸರುಬೇಳೆಯ ಜಾಗದಲ್ಲಿ ಮೀನು. (ಈ ಹೋಲಿಕೆಯನ್ನು ಅಮ್ಮನಿಗೆ ಫೋನಿನಲ್ಲಿ ಹೇಳಿ ಬೈಸಿಕೊಂಡಿದ್ದೇನೆ.) ನಿಂಬೆಯೂ ಬೇರೆಯದಲ್ಲ, ನಮ್ಮ ಕಾಗ್ಜಿ ನಿಂಬೆಯ ಜಾತಿಯೇ. ಏಷ್ಯಾದ ನಿಂಬೆ ಸ್ಪೇನಿನವರ ಜೊತೆ ಅಲ್ಲಿಗೆ ಹೋಯಿತು, ಆ ಸೀಮೆಯ ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ನಮ್ಮಲ್ಲಿಗೆ ಬಂತು.

6. ಟೊಸ್ಟಾಡಾ ಬಂದ ತಕ್ಷಣ ತಿನ್ನಿ.
ನಾನು ಸೋತದ್ದು ಇಲ್ಲಿ. ಟೊಸ್ಟಾಡಾ ಎಂದರೆ ಗರಿಗರಿ ಕರಿದ ಜೋಳದ ರೊಟ್ಟಿ, ಗೋಲಾಕಾರ, ಅಂಗೈಯಗಲ. ನಮ್ಮ ಜೋಳವಲ್ಲ, ಮುಸುಕಿನ ಜೋಳ. ಅದರ ಮೇಲೆ ತೆಳ್ಳಗೆ ಮಯೋನೀಸ್ ಸವರುತ್ತಾರೆ. ಅದು ಬರೀ ರುಚಿಗಲ್ಲ, ಜಿಡ್ಡಿನ ಆ ಪದರ ನಿಂಬೆರಸವನ್ನು ಸ್ವಲ್ಪ ಹೊತ್ತು ಕೆಳಗಿಳಿಯಲು ಬಿಡುವುದಿಲ್ಲ. ಸ್ವಲ್ಪ ಹೊತ್ತು ಮಾತ್ರ. ನಾನು ತಟ್ಟೆಯನ್ನು ಬೆಳಕಿಗೆ ತಿರುಗಿಸಿ ಫೋಟೋ ತೆಗೆದೆ, ಊರಿಗೆ ಕಳಿಸಿದೆ, ತಮ್ಮ ಕೇಳಿದ ಪ್ರಶ್ನೆಗೆಲ್ಲ ಉತ್ತರ ಬರೆದೆ. ಆಮೇಲೆ ಎತ್ತಿದೆ. ನಡುವೆಯೇ ಮಡಚಿತು, ಅರ್ಧ ತಟ್ಟೆಗೆ, ಅರ್ಧ ಅಂಗಿಗೆ. ಎದುರು ಮೇಜಿನ ಅಜ್ಜಿಗೆ ನಗು ತಡೆಯಲಾಗಲಿಲ್ಲ. ಗಿರ್ಮಿಟ್ ಕಲಸಿ ಕೈಗೆ ಕೊಟ್ಟ ಮೇಲೆ ಯಾರಾದರೂ ಫೋಟೋ ತೆಗೆಯುತ್ತಾ ನಿಲ್ಲುತ್ತಾರೆಯೇ?

ಎತ್ತುವ ಕ್ರಮ ಅಜ್ಜಿಯದೇ, ಆಕೆ ಮಾಡಿ ತೋರಿಸಿದ್ದು. ಐದೂ ಬೆರಳ ತುದಿಯನ್ನು ಅಡಿಗೆ ಕೊಡಿ, ತಟ್ಟೆಯ ಮೇಲೇ ಬಗ್ಗಿ, ಟೊಸ್ಟಾಡಾವನ್ನು ಬಾಯಿಗೆ ತರುವ ಬದಲು ಬಾಯನ್ನೇ ಅದರ ಬಳಿ ಒಯ್ಯಿರಿ. ಅಂಚಿನಿಂದ ಶುರು ಮಾಡಿ ಒಳಕ್ಕೆ ಬನ್ನಿ. ಉದುರಿದ್ದನ್ನು ಉಪ್ಪು ಬಿಸ್ಕತ್ತಿನಲ್ಲಿ ಬಳಿದು ತಿನ್ನಿ. ಬುಟ್ಟಿಯಲ್ಲಿ ಅದನ್ನು ಇಟ್ಟಿರುವುದೇ ಅದಕ್ಕೆ.

ಸೆವಿಚೆ ಬಟ್ಟಲಿನಲ್ಲಿ ಬಂದರೆ ಒಂದೊಂದೇ ಚಮಚ ಹಾಕಿಕೊಳ್ಳಿ, ಎಲ್ಲವನ್ನೂ ಒಮ್ಮೆಲೇ ಹರಡಬೇಡಿ. ಅಲ್ಲಿಯೂ ಕಾಲ ಓಡುತ್ತಿರುತ್ತದೆ. ಉಪ್ಪು ಬಿದ್ದ ಕೋಸಂಬರಿ ನೀರು ಬಿಡುವ ಹಾಗೆ ಸೌತೆಕಾಯಿ, ಟೊಮೆಟೊ ನೀರು ಬಿಡುತ್ತವೆ, ಮೀನು ಮಾತ್ರ ಗಟ್ಟಿಯಾಗುತ್ತಾ ಹೋಗುತ್ತದೆ. ತುಂಡು ಅಂಚಿನಲ್ಲಿ ಬೆಳ್ಳಗಿದ್ದು ನಡುವೆ ಇನ್ನೂ ಕೊಂಚ ಪಾರದರ್ಶಕವಾಗಿದ್ದರೆ ಈಗಷ್ಟೇ ಕಲಸಿದ್ದು. ಸುಣ್ಣದಂತೆ ಬಿಳುಪಾಗಿ ರಬ್ಬರಿನಂತೆ ಜಗಿದರೆ ಬೆಳಗಿನಿಂದ ಹುಳಿಯಲ್ಲಿ ನೆಂದದ್ದು.

7. ಅಗ್ವಾಚಿಲೆಯನ್ನು ಮೊದಲ ದಿನ ಮುಟ್ಟಬೇಡಿ.
ಹೆಸರಿನ ಅರ್ಥವೇ ನೀರು, ಮೆಣಸು. ಹಸಿ ಸಿಗಡಿಯನ್ನು ಸೀಳಿ, ನಿಂಬೆರಸದಲ್ಲಿ ರುಬ್ಬಿದ ಹಸಿಮೆಣಸು ಸುರಿದು, ನೆನೆಯಲು ಬಿಡದೆ ಆಗಲೇ ತಂದಿಡುತ್ತಾರೆ. ಸಿನಲೋವಾದ ಹೆಮ್ಮೆ ಇದು. ಹಳೆಯ ಕ್ರಮದಲ್ಲಿ ಚಿಲ್ಟೆಪಿನ್ ಹಾಕುತ್ತಾರೆ, ಕಾಳುಮೆಣಸಿನಷ್ಟೇ ಗಾತ್ರದ ಕಾಡು ಮೆಣಸಿನಕಾಯಿ. ನಮ್ಮ ಸೂಜಿಮೆಣಸು ಕಡಿದವರಿಗೆ ಆ ಜಾತಿಯ ಸಿಟ್ಟು ಗೊತ್ತು. ಎರಡನೇ ದಿನ ತಿನ್ನಿ, ಬಿಡಬೇಡಿ.

8. "ನೋ ಪೀಕಾ" ಎಂದರೆ ನಂಬಬೇಡಿ.
"ಖಾರವಿಲ್ಲ" ಎಂದು ಮಾಣಿ ಹೇಳುವುದು ತನ್ನ ನಾಲಿಗೆಯ ಲೆಕ್ಕದಲ್ಲಿ. ಬಾಟಲಿಗಳಲ್ಲಿ ವ್ಯಾಲೆಂಟಿನಾ, ನಯರಿತ್ ಕಡೆಯ ಉಯಿಚೋಲ್ ಸಾಧು ಸ್ವಭಾವದವು. ಬಟ್ಟಲಿನಲ್ಲಿ ಮನೆಯಲ್ಲೇ ಅರೆದಿಟ್ಟ ಕಿತ್ತಳೆ ಬಣ್ಣದ್ದು ಕಂಡರೆ ಅದು ಹಬನೆರೋ ಇರಬಹುದು, ಚಮಚದ ತುದಿ ಅದ್ದಿ ಸಾಕು. ಉರಿ ಹತ್ತಿದರೆ ನೀರು ಕುಡಿದು ಪ್ರಯೋಜನವಿಲ್ಲ. ಬೆಣ್ಣೆಹಣ್ಣಿನ ಹೋಳು ಜಗಿಯಿರಿ.

9. ಸಸ್ಯಾಹಾರಿ ಜೊತೆಗಿದ್ದರೆ ಸೋಯಾ ಅಥವಾ ಹೂಕೋಸಿನ ಸೆವಿಚೆ ಇದೆಯೇ ಕೇಳಿ. ಮೆಕ್ಸಿಕೋದಲ್ಲಿ ಎರಡೂ ರೂಢಿಯಲ್ಲಿವೆ. ಚಾಕು, ಹಲಗೆ ಬೇರೆ ಇರುತ್ತವೆಂದು ಮಾತ್ರ ಭಾವಿಸಬೇಡಿ.

10. ಬಿಲ್ಲು ಕೇಳದೆ ಬರುವುದಿಲ್ಲ.
ನಿಮ್ಮನ್ನು ಮರೆತಿದ್ದಾರೆಂದು ಸಿಡಿಮಿಡಿಗೊಳ್ಳಬೇಡಿ, ಕೇಳದೆ ಬಿಲ್ಲು ತಂದಿಡುವುದು ಅಲ್ಲಿ "ಏಳಿ ಇನ್ನು" ಎಂದಂತೆ. "ಲಾ ಕುಯೆಂತಾ, ಪೊರ್ ಫವೋರ್" ಎನ್ನಿ, ನೂರಕ್ಕೆ ಹತ್ತರಿಂದ ಹದಿನೈದು ಟಿಪ್ಸ್ ಇಡಿ. ಹೊರಗೆ ಹೋಗುವಾಗ ಇನ್ನೂ ತಿನ್ನುತ್ತಿರುವ ಪಕ್ಕದ ಮೇಜಿನವರತ್ತ ತಿರುಗಿ "ಪ್ರೊವೆಚೋ" ಎನ್ನಿ. ಪರಿಚಯ ಬೇಕಿಲ್ಲ, ಎಲ್ಲರೂ ಹೇಳುತ್ತಾರೆ. ನಿಮಗೇ ಯಾರಾದರೂ ಹಾಗೆ ಹೇಳಿದಾಗ ಬಾಯಿ ತುಂಬಾ ಟೊಸ್ಟಾಡಾ ಇದ್ದರೆ ತಲೆಯಾಡಿಸಿದರೆ ಸಾಕು.