ಭಯೋತ್ಪಾದನೆ ತಡೆಯೋದು: ಸರ್ಕಾರದ ಕೆಲಸ, ಊರಿನ ಕೆಲಸ



ಭಯೋತ್ಪಾದನೆ ಅಂದ ಕೂಡಲೇ ನಮಗೆ ಕಾಶ್ಮೀರ, ಮುಂಬಯಿ, ದಿಲ್ಲಿ ನೆನಪಾಗುತ್ತವೆ. ಅತನೂರದಂಥ ಊರಾಗ ಜೋಳ, ತೊಗರಿ ಬಿತ್ತಿಕೊಂಡು ಇರೋ ನಮಗೂ ಅದಕ್ಕೂ ಏನ್ರೀ ಸಂಬಂಧ ಎಂದು ಕೇಳುವವರಿದ್ದಾರೆ. ಸಂಬಂಧ ಅದ. ನಮ್ಮದೇ ಜಿಲ್ಲೆಯ ವಾಡಿ ಜಂಕ್ಷನ್ ನಿಮಗೆಲ್ಲ ಗೊತ್ತು, ಎ.ಸಿ.ಸಿ. ಸಿಮೆಂಟ್ ಕಾರ್ಖಾನೆಯ ಊರು. ಅಲ್ಲಿನ ಸಂತ ಅನ್ನಮ್ಮನವರ ಚರ್ಚಿನಲ್ಲಿ 2000ದ ಜೂನ್ 8ರಂದು ಬಾಂಬು ಸಿಡಿಯಿತು. ಅದೇ ದಿನ ಆಂಧ್ರದ ಓಂಗೋಲು, ತಾಡೇಪಲ್ಲಿಗೂಡೆಂ ಮತ್ತು ಗೋವಾದ ವಾಸ್ಕೋದ ಚರ್ಚುಗಳಲ್ಲೂ ಸ್ಫೋಟಗಳಾದವು. ತಿಂಗಳು ಕಳೆದ ಮೇಲೆ ಜುಲೈ 8ರಂದು ಹುಬ್ಬಳ್ಳಿ ಕೇಶ್ವಾಪುರದ ಲೂಥರನ್ ಚರ್ಚು, ಮರುದಿನ ಬೆಂಗಳೂರಿನ ಜಗಜೀವನರಾಮ್ ನಗರದ ಸಂತ ಪೇತ್ರ ಪೌಲರ ಚರ್ಚು.

ಆಗ ಜನ ಏನಂದರು ಎಂಬುದನ್ನು ನಾವು ನೆನಪಿಡಬೇಕು. ಒಡಿಶಾದಲ್ಲಿ ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದ ಗ್ರಹಾಂ ಸ್ಟೇನ್ಸ್ ಹಾಗೂ ಅವರ ಇಬ್ಬರು ಗಂಡುಮಕ್ಕಳನ್ನು 1999ರ ಜನವರಿಯಲ್ಲಿ ಜೀಪಿನೊಳಗೆ ಸುಟ್ಟು ಕೊಂದು ವರ್ಷ ಒಂದೂವರೆ ಆಗಿತ್ತು ಅಷ್ಟೇ. ಆ ಗಾಯ ಹಸಿಯಾಗಿತ್ತು. ಬಹಳ ಮಂದಿ ಕ್ರೈಸ್ತರ ಸಂಶಯ ನೇರವಾಗಿ ಹಿಂದೂ ಸಂಘಟನೆಗಳ ಮೇಲೆ ಹೋಯಿತು. ಬಾಂಬು ಇಟ್ಟವರಿಗೆ ಬೇಕಾಗಿದ್ದೂ ಅದೇ.

ಜುಲೈ 9ರಂದೇ ಬೆಂಗಳೂರಿನಲ್ಲಿ ಮಾರುತಿ ವ್ಯಾನೊಂದರಲ್ಲಿ ಒಯ್ಯುತ್ತಿದ್ದ ಬಾಂಬು ದಾರಿಯಲ್ಲೇ ಸಿಡಿದು ಒಳಗಿದ್ದ ಇಬ್ಬರು ಸತ್ತರು, ಒಬ್ಬ ಗಾಯಗೊಂಡು ಬದುಕಿದ. ಅವನಿಂದ ಎಳೆ ಸಿಕ್ಕಿತು. ಕರ್ನಾಟಕದ ಸಿ.ಓ.ಡಿ. ಪೊಲೀಸರು ಆ ಎಳೆ ಹಿಡಿದು ಹೈದರಾಬಾದಿನ ಆಸಿಫ್ ನಗರದಲ್ಲಿ ನೆಲೆಯಿದ್ದ ದೀನದಾರ್ ಅಂಜುಮನ್ ಎಂಬ ಪಂಗಡದವರೆಗೆ ಹೋದರು. ಹಿಂದೂಗಳು ಮತ್ತು ಕ್ರೈಸ್ತರ ನಡುವೆ ಜಗಳ ಹಚ್ಚುವುದೇ ಇವರ ಉದ್ದೇಶ ಎಂದು ತನಿಖೆ ಹೇಳಿತು. ಕೇಂದ್ರ ಸರ್ಕಾರ 2001ರಲ್ಲಿ ಆ ಸಂಘಟನೆಯನ್ನು ನಿಷೇಧಿಸಿತು. 2008ರ ನವೆಂಬರ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ 23 ಮಂದಿಯನ್ನು ಅಪರಾಧಿಗಳೆಂದು ತೀರ್ಮಾನಿಸಿತು. ಎಂಟು ವರ್ಷ ಹಿಡಿಯಿತು, ಖರೆ. ಆದರೆ ಸಿಟ್ಟಿನಲ್ಲಿ ಎಂಟು ದಿನದೊಳಗೆ ನಾವೇ ತೀರ್ಪು ಕೊಟ್ಟಿದ್ದರೆ ಏಟು ಬೀಳುತ್ತಿದ್ದದ್ದು ಏನೂ ಅರಿಯದ ನೆರೆಮನೆಯವನಿಗೆ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಅಪರಾಧಿಗಳು ಸಿಕ್ಕ ಮೇಲೆ "ಹಂಗಾದ್ರ ಸಾಬರೆಲ್ಲಾ ಹಿಂಗೇ" ಎನ್ನುವ ಮಾತು ಹುಟ್ಟುತ್ತದೆ. ಅದೂ ಅದೇ ಬಲೆ. ಈ ಪಂಗಡದ ಮೂಲಪುರುಷ ತನ್ನನ್ನು ಚನ್ನಬಸವೇಶ್ವರರ ಅವತಾರ ಎಂದು ಕರೆದುಕೊಂಡವನು. ಮುಸ್ಲಿಂ ಧರ್ಮಪಂಡಿತರೇ ಇವರನ್ನು ತಮ್ಮವರೆಂದು ಒಪ್ಪುವುದಿಲ್ಲ. ಆಳಂದದ ಲಾಡ್ಲೆ ಮಶಾಕರ ದರ್ಗಾಕ್ಕೆ ತೆಂಗಿನಕಾಯಿ ಒಡೆಯಲು ಹೋಗುವ ಹಿಂದೂ ಮನೆತನಗಳು ನಮ್ಮಲ್ಲಿ ಎಷ್ಟೋ ಇವೆ. ಆ ಹಾದಿ ಮುಚ್ಚಿದರೆ ಬಾಂಬಿನವನು ಗೆದ್ದಂತೆ.

ನಮ್ಮ ಹಿರಿಯರು ಇದನ್ನು ಕಂಡುಂಡವರು. 1947-48ರಲ್ಲಿ ನಿಜಾಮನ ಸಂಸ್ಥಾನದಲ್ಲಿ ಖಾಸಿಂ ರಜವಿಯ ರಜಾಕಾರರು ಹಳ್ಳಿ ಸುಟ್ಟರು, ಲೂಟಿ ಮಾಡಿದರು. ಬೀದರ್ ಜಿಲ್ಲೆಯ ಗೋರ್ಟಾದ ಹತ್ಯಾಕಾಂಡ ಈಗಲೂ ಜನರ ಬಾಯಲ್ಲಿದೆ. ಗಡಿಯಾಚೆ ಸೊಲ್ಲಾಪುರದ ಕಡೆ ಓಡಿ ಜೀವ ಉಳಿಸಿಕೊಂಡವರು ಬಹಳ. ಈ ಕಥೆಯನ್ನು ನಾವು ಸಪ್ಟೆಂಬರ್ 17ರಂದು ಹೇಳುತ್ತೇವೆ. ಅದರ ಮುಂದಿನ ಭಾಗವನ್ನು ಹೇಳುವುದು ಕಡಿಮೆ. 1948ರ ಸಪ್ಟೆಂಬರ್‌ನಲ್ಲಿ ಭಾರತದ ಸೈನ್ಯ ಬಂದು ರಜಾಕಾರರ ಹಾವಳಿ ಮುಗಿದ ಮೇಲೆ ಸೇಡಿನ ಕೊಲೆಗಳಾದವು. ಸತ್ತವರಲ್ಲಿ ಬಹುಪಾಲು ರಜಾಕಾರರಲ್ಲ, ಬಡ ಮುಸ್ಲಿಮರು. ನೆಹರೂ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಇಡೀ ಸಂಸ್ಥಾನದಲ್ಲಿ ಕನಿಷ್ಠ 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದೆಂದು ಅಂದಾಜು ಮಾಡಿತು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಕಲಬುರಗಿ, ಬೀದರ್, ನಾಂದೇಡ್.

ಹಾಗಾದರೆ ಸರ್ಕಾರ ಏನು ಮಾಡಬೇಕು? ಗುಪ್ತ ಮಾಹಿತಿ, ಒಳ್ಳೆಯ ತನಿಖೆ, ನ್ಯಾಯಾಲಯ. ಮುಂಬಯಿಯಲ್ಲಿ 2008ರ ನವೆಂಬರ್ 26ರ ದಾಳಿಯಾದ ಮೇಲೆ ರಾಷ್ಟ್ರೀಯ ತನಿಖಾ ದಳ, ಅಂದರೆ ಎನ್.ಐ.ಎ. ಬಂತು. ಆ ರಾತ್ರಿ ಪೊಲೀಸ್ ಅಧಿಕಾರಿ ತುಕಾರಾಮ್ ಓಂಬ್ಳೆ ಗುಂಡು ತಿಂದರೂ ಕಸಬ್‌ನ ಬಂದೂಕು ಬಿಡಲಿಲ್ಲ. ಅದರಿಂದಲೇ ಅವನು ಜೀವಂತ ಸಿಕ್ಕ, ದಾಳಿ ಎಲ್ಲಿಂದ ಬಂತು ಎಂದು ಜಗತ್ತಿಗೆ ತೋರಿಸಲು ಆಯಿತು.

ಆದರೆ ಕಠಿಣ ಕಾನೂನು ಇದ್ದ ಮಾತ್ರಕ್ಕೆ ನಿಜವಾದ ಅಪರಾಧಿಯೇ ಸಿಗುತ್ತಾನೆ ಎನ್ನಲಾಗದು. ಕಲಬುರಗಿಯ ಒಬ್ಬ ವಿದ್ಯಾರ್ಥಿಯನ್ನು ರೈಲು ಸ್ಫೋಟದ ಪ್ರಕರಣದಲ್ಲಿ 1994ರಲ್ಲಿ ಹಿಡಿದರು. ಸಾಕ್ಷಿ ಎಂದು ಇದ್ದದ್ದು ಪೊಲೀಸರ ಮುಂದೆ ಬರೆಸಿಕೊಂಡ ತಪ್ಪೊಪ್ಪಿಗೆ. ಸಾಮಾನ್ಯ ಕಾನೂನಿನಲ್ಲಿ ಅದು ನಡೆಯುವುದಿಲ್ಲ. ಟಾಡಾ ಕಾಯ್ದೆಯಲ್ಲಿ ನಡೆಯುತ್ತಿತ್ತು. 2016ರಲ್ಲಿ ಸುಪ್ರೀಂ ಕೋರ್ಟ್ ಅವನನ್ನು ಬಿಡುಗಡೆ ಮಾಡುವಷ್ಟರಲ್ಲಿ 22 ವರ್ಷ ಕಳೆದಿದ್ದವು. ಹರೆಯ ಪೂರ್ತಿ ಜೈಲಿನಲ್ಲಿ! ಟಾಡಾ 1995ರಲ್ಲೇ ಮುಗಿದಿತ್ತು, ಅವನ ಸೆರೆ ಮುಗಿಯಲಿಲ್ಲ. ಇಂಥದ್ದು ಆದಾಗ ಒಬ್ಬನಿಗಷ್ಟೇ ಅನ್ಯಾಯವಲ್ಲ, ಒಂದು ಓಣಿಯೇ ಪೊಲೀಸರಿಗೆ ಮಾಹಿತಿ ಕೊಡಲು ಹೆದರುತ್ತದೆ.

ಇನ್ನು ನಮ್ಮ ಕೆಲಸ. ಬಾವಿ ಹೊಡೆಯುವಾಗ, ಕಲ್ಲಿನ ಕ್ವಾರಿಯಲ್ಲಿ ಬಳಸುವ ಜಿಲೆಟಿನ್ ಕಡ್ಡಿ, ಡಿಟೋನೇಟರ್ ಇವುಗಳಿಗೆ ಲೆಕ್ಕ ಇರಬೇಕು. ಪರವಾನಗಿ ಇಲ್ಲದವರ ಮನೆಯಲ್ಲಿ ಅವು ಇದ್ದರೆ, ಕೆಲಸದ ಜಾಗದಿಂದ ಕಳುವಾದರೆ, ಠಾಣೆಗೆ ಹೇಳಬೇಕು. ಪುಣೆ, ಮುಂಬಯಿಗೆ ದುಡಿಯಲು ಹೋಗುವ ನಮ್ಮ ಹುಡುಗರು ತಮ್ಮ ಆಧಾರ್ ಕೊಟ್ಟು ಬೇರೆಯವರಿಗೆ ಸಿಮ್ ತೆಗೆಸಿಕೊಡಬಾರದು; "ಈ ಚೀಲ ಒಂಚೂರು ಒಯ್ದು ಕೊಡು" ಎಂದು ಗುರುತಿಲ್ಲದವರು ಕೊಟ್ಟದ್ದನ್ನು ಒಯ್ಯಬಾರದು. ರೈಲು, ಬಸ್ಸಿನಲ್ಲಿ ವಾರಸುದಾರರಿಲ್ಲದ ಚೀಲ ಕಂಡರೆ ಮುಟ್ಟದೆ, ದೂರ ಸರಿದು 112ಕ್ಕೆ ಫೋನ್ ಮಾಡಬೇಕು. ಕಂಡದ್ದನ್ನು ಹೇಳಿ: ಗಾಡಿ ನಂಬರು, ಹೊತ್ತು, ಜಾಗ. ಜಾತಿ-ಧರ್ಮದ ಊಹೆ ಬೇಡ.

ಎಲ್ಲಕ್ಕಿಂತ ಕಷ್ಟದ ಕೆಲಸ ಕೈಯಲ್ಲಿರುವ ಮೊಬೈಲಿನದು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂದು ವಾಟ್ಸಾಪ್‌ನಲ್ಲಿ ಹರಿದ ಸುದ್ದಿ ನಂಬಿ, ಹೈದರಾಬಾದಿನಿಂದ ಬಂದಿದ್ದ ಒಬ್ಬ ಯುವಕನನ್ನು ಜನ ಬಡಿದು ಕೊಂದರು. ಅಲ್ಲಿ ಬಾಂಬು ಇರಲಿಲ್ಲ, ಭಯೋತ್ಪಾದಕರೂ ಇರಲಿಲ್ಲ. ನಮ್ಮಂಥ ಹಳ್ಳಿಯವರೇ ಇದ್ದರು.

ಬರುವ ತಿಂಗಳ ಸಂಘದ ಸಭೆಗೆ ಠಾಣೆಯ ಬೀಟ್ ಪೊಲೀಸರನ್ನು ಕರೆಯಿರಿ. ಊರಿನ ಮಸೀದಿ, ಮಠ, ಚರ್ಚಿನ ಹಿರಿಯರ ಫೋನ್ ನಂಬರುಗಳನ್ನು ಒಂದೇ ಹಾಳೆಯಲ್ಲಿ ಬರೆದು ಸಂಘದ ಪುಸ್ತಕದಲ್ಲಿ ಅಂಟಿಸಿ. ಕೆಟ್ಟ ಸುದ್ದಿ ಬಂದ ರಾತ್ರಿ ಹುಡುಕುತ್ತಾ ಕೂಡುವುದು ತಪ್ಪುತ್ತದೆ. ಆಮೇಲೆ ಕುಳಿತು ಮಾತಾಡಿ: ನಾಳೆ ನಮ್ಮ ಊರಿನ ಗುಡಿಯಲ್ಲೋ ದರ್ಗಾದಲ್ಲೋ ಏನಾದರೂ ಆದರೆ ಮೊದಲ ಫೋನ್ ಯಾರಿಗೆ? ಓಣಿಯ ಹುಡುಗರನ್ನು ಆ ರಾತ್ರಿ ಮನೆಯಲ್ಲಿ ಕೂಡಿಸುವವರು ಯಾರು?