ಎಣ್ಣೆ ಬತ್ತಿದ ಲಾರಿ ಎಂಜಿನ್: ಹಾನಿಯನ್ನು ಗುರುತಿಸುವ ಬಗೆ

ಹಾಸನದ ಕಡೆಯಿಂದ ಆಲೂಗೆಡ್ಡೆ, ತರಕಾರಿ ತುಂಬಿಕೊಂಡು ಶಿರಾಡಿ ಘಾಟಿಯ ಮೂಲಕ ಮಂಗಳೂರಿಗೆ ಹೋಗಿಬರುವ ಲಾರಿಗಳಲ್ಲಿ ಬಹಳ ವರ್ಷ ದುಡಿದ ಹಳೆಯ ಗಾಡಿಗಳೂ ಇರುತ್ತವೆ. ಹಿಂದಿರುಗುವಾಗ ಏರಿನಲ್ಲಿ ಇಂತಹ ಗಾಡಿಯ ಆಯಿಲ್ ಮೀಟರಿನ ಮುಳ್ಳು ಅಲುಗಾಡುತ್ತದೆ, ಇಲ್ಲವೆ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಚಾಲಕ ನಿಲ್ಲಿಸಿ ಆಯಿಲ್ ಕಡ್ಡಿ ಎಳೆದು ನೋಡಿದರೆ ತುದಿಗೂ ಎಣ್ಣೆ ತಾಗಿರುವುದಿಲ್ಲ. ಹತ್ತಿರದ ಅಂಗಡಿಯಿಂದ ಎಣ್ಣೆ ತಂದು ಸುರಿದು, ಸ್ಟಾರ್ಟ್ ಮಾಡಿ, ಊರು ಸೇರಿದರಾಯಿತು ಎಂದು ಹೊರಡುತ್ತಾನೆ. ಬೇರಿಂಗ್ ಬದಲಿಸಿ ಮುಗಿಸಬಹುದಾಗಿದ್ದ ಕೆಲಸ ಕ್ರ್ಯಾಂಕ್ ಶಾಫ್ಟಿನವರೆಗೆ ಹೋಗುವುದು ಹೆಚ್ಚಾಗಿ ಈ ಉಳಿದ ದಾರಿಯಲ್ಲಿಯೇ.

ಕ್ರ್ಯಾಂಕ್ ಶಾಫ್ಟಿಗೂ ಅದನ್ನು ಹೊತ್ತ ಬೇರಿಂಗಿಗೂ ನಡುವೆ ಇರುವ ಸಂದು ಸುಮಾರು 0.05ರಿಂದ 0.10 ಮಿ.ಮೀ. ಮಾತ್ರ. ಈ ಸಂದಿನಲ್ಲಿ ಒತ್ತಡದಿಂದ ಹರಿಯುವ ಎಣ್ಣೆಯ ಪೊರೆಯ ಮೇಲೆ ಶಾಫ್ಟ್ ತೇಲುತ್ತಾ ತಿರುಗುತ್ತದೆ. ಲೋಹಕ್ಕೆ ಲೋಹ ತಾಗುವುದಿಲ್ಲ. ಚೇಂಬರಿನಲ್ಲಿ ಎಣ್ಣೆ ಕಡಿಮೆಯಾದಾಗ ಏರು, ಇಳಿಜಾರು, ತಿರುವುಗಳಲ್ಲಿ ಅದು ಒಂದು ಬದಿಗೆ ಸರಿದು, ಪಂಪು ಎಣ್ಣೆಯ ಬದಲು ಗಾಳಿಯನ್ನು ಎಳೆಯುತ್ತದೆ. ಆಗ ಪೊರೆ ಹರಿಯುತ್ತದೆ. ಮೊದಲು ಪೆಟ್ಟು ತಿನ್ನುವುದು ಕನೆಕ್ಟಿಂಗ್ ರಾಡ್ ಬೇರಿಂಗುಗಳು; ಪಂಪಿನಿಂದ ದೂರವಿರುವ ರಾಕರ್ ಶಾಫ್ಟೂ ಬೇಗ ಒಣಗುತ್ತದೆ. ಪಿಸ್ಟನ್, ಲೈನರುಗಳ ಸರದಿ ಆಮೇಲಿನದು. ದೀಪವಿರುವ ಗಾಡಿಗಳಲ್ಲಿ ಒಂದು ಮಾತು ನೆನಪಿಡಬೇಕು: ಒತ್ತಡ ಚದರ ಸೆಂಟಿಮೀಟರಿಗೆ ಅರ್ಧ ಕಿಲೋದ ಆಸುಪಾಸಿಗೆ ಇಳಿಯುವವರೆಗೆ ಈ ದೀಪ ಸಾಮಾನ್ಯವಾಗಿ ಹೊತ್ತುವುದಿಲ್ಲ. ದೀಪ ಕಂಡಿತೆಂದರೆ ಎಂಜಿನ್ ಆಗಲೇ ಬರಗಾಲದಲ್ಲಿದೆ.

ಸ್ಟಾರ್ಟರ್ ಮುಟ್ಟುವ ಮುನ್ನ

ಎಂಜಿನ್ ಆರಿಸಿ, ಗಾಡಿಯನ್ನು ಸಮನೆಲದಲ್ಲಿರಿಸಿ ಕಾಲು ಗಂಟೆ ಬಿಟ್ಟು ಕಡ್ಡಿಯನ್ನು ಮತ್ತೆ ನೋಡಬೇಕು. ಕೆಳಗಿನ ಗುರುತಿಗಿಂತ ಸ್ವಲ್ಪವೇ ಕಡಿಮೆ ಇದ್ದು, ಮುಳ್ಳು ಒಮ್ಮೆಯೂ ಬಿದ್ದಿಲ್ಲವಾದರೆ ಹಾನಿಯ ಸಂಭವ ಕಡಿಮೆ. ಕಡ್ಡಿ ಒಣಗಿದ್ದರೆ, ಇಲ್ಲವೆ ಸುಟ್ಟ ವಾಸನೆ ಬರುತ್ತಿದ್ದರೆ ಗಾಡಿಯನ್ನು ಓಡಿಸಕೂಡದು. ತಳ್ಳಿ, ಎಳೆದು ಸ್ಟಾರ್ಟ್ ಮಾಡುವುದಂತೂ ಬೇಡವೇ ಬೇಡ. ಬೇರೆ ಗಾಡಿಗೆ ಕಟ್ಟಿ ತರುವಾಗ ಗೇರು ನ್ಯೂಟ್ರಲ್‌ನಲ್ಲಿರಲಿ.

ಶೆಡ್ಡಿಗೆ ತಂದ ಮೇಲೆ ಎಂಜಿನ್ ಪೂರ್ತಿ ತಣ್ಣಗಾದಾಗ, ನಿಲ್ಲಿಸುವ ಕೇಬಲ್ ಎಳೆದಿಟ್ಟು, ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ ನೋಡಬೇಕು. ಕಂಪ್ರೆಷನ್ನಿನ ಬಿಗಿತ ಸರದಿಯಂತೆ ಬಂದು ಹೋಗುತ್ತದೆ, ಅದು ಸಹಜ. ಪ್ರತಿ ಸುತ್ತಿನಲ್ಲಿಯೂ ಒಂದೇ ಜಾಗದಲ್ಲಿ ಹಿಡಿದಂತಾದರೆ ಅಥವಾ ತಿರುಗದೇ ಹೋದರೆ ಬೇರಿಂಗೋ ಪಿಸ್ಟನ್ನೋ ಕಚ್ಚಿದೆ ಎಂದು ತಿಳಿಯಬೇಕು. ಬಿಸಿಯಲ್ಲಿ ಹಿಡಿದು, ತಣಿದ ಮೇಲೆ ಬಿಟ್ಟುಕೊಂಡಿದ್ದರೆ ಸಂಶಯ ಪಿಸ್ಟನ್ನಿನ ಕಡೆಗೆ ವಾಲುತ್ತದೆ.

ಎಣ್ಣೆ ಹೇಳುವ ಸಾಕ್ಷಿ

ಅತ್ಯಂತ ಅಗ್ಗದ, ಆದರೆ ಹೆಚ್ಚಿನವರು ಬಿಟ್ಟುಬಿಡುವ ಪರೀಕ್ಷೆ ಇದು. ಉಳಿದ ಎಣ್ಣೆಯನ್ನು ತೊಳೆದು ಒರೆಸಿದ ಬಾಣಲೆಗೆ ಇಳಿಸಿ, ಬಿಳಿಯ ಬಟ್ಟೆಯಲ್ಲಿ ಸೋಸಬೇಕು. ಫಿಲ್ಟರನ್ನು ಕುಯ್ದು, ಒಳಗಿನ ಮಡಿಕೆ ಕಾಗದವನ್ನು ಬಿಸಿಲಿನಲ್ಲಿ ಬಿಡಿಸಿ ನೋಡಬೇಕು. ಡ್ರೈನ್ ಬಿರಡೆಗೆ ಅಂಟಿದ ನುಣುಪಾದ ಬೂದು ಕೆಸರಿಗೆ ಹೆದರಬೇಕಾಗಿಲ್ಲ, ಅದು ದಿನನಿತ್ಯದ ಸವೆತ. ಬೆರಳಿಗೆ ತಾಗುವಂತಹ ಹಳಕುಗಳು ಸಿಕ್ಕರೆ ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಹತ್ತಿರ ಹಿಡಿಯಬೇಕು. ಅಂಟಿಕೊಂಡರೆ ಕಬ್ಬಿಣ ಅಥವಾ ಉಕ್ಕು: ರಿಂಗು, ಲೈನರು, ಕ್ಯಾಮ್, ಗೇರು, ಇಲ್ಲವೆ ಕ್ರ್ಯಾಂಕ್. ಅಂಟದ ಬೆಳ್ಳಿ ಬಣ್ಣದ ತೆಳು ಚೂರುಗಳು ಬೇರಿಂಗಿನ ಮೇಲ್ಪದರದವು, ಇಲ್ಲವೆ ಪಿಸ್ಟನ್ನಿನ ಅಲ್ಯೂಮಿನಿಯಂ. ತಾಮ್ರದ ಬಣ್ಣ ಕಂಡರೆ ಬೇರಿಂಗಿನ ಮೇಲ್ಪದರ ಹೋಗಿ ಒಳಪದರ ಸವೆಯುತ್ತಿರುವ ಸಂಭವ ಹೆಚ್ಚು. ಬೆಳ್ಳಿ ಅಥವಾ ತಾಮ್ರ ಬಣ್ಣದ ಹಳಕು ಕಂಡ ಎಂಜಿನ್ನನ್ನು, ಎಷ್ಟೇ ಸಲೀಸಾಗಿ ತಿರುಗಲಿ, ಚೇಂಬರ್ ಬಿಚ್ಚದೆ ಸ್ಟಾರ್ಟ್ ಮಾಡುವುದು ಸರಿಯಲ್ಲ.

ಎಣ್ಣೆಯಲ್ಲಿ ಏನೂ ಸಿಗದಿದ್ದರೆ ಹೊಸ ಫಿಲ್ಟರ್ ಹಾಕಿ, ತಯಾರಕರು ಹೇಳಿದ ದರ್ಜೆಯ ಎಣ್ಣೆಯನ್ನು ಗುರುತಿನವರೆಗೆ ತುಂಬಬೇಕು. ಒತ್ತಡದ ಸೆನ್ಸರ್ ತೆಗೆದು, ಆ ಜಾಗಕ್ಕೆ ನಂಬಬಹುದಾದ ಮೀಟರೊಂದನ್ನು ಕೂರಿಸಬೇಕು. ನಿಲ್ಲಿಸುವ ಕೇಬಲ್ ಎಳೆದಿಟ್ಟು, ಒತ್ತಡ ಏಳುವವರೆಗೆ ಸ್ಟಾರ್ಟರಿನಿಂದ ಬಿಟ್ಟು ಬಿಟ್ಟು ತಿರುಗಿಸಿ, ಅನಂತರವೇ ಸ್ಟಾರ್ಟ್ ಮಾಡಬೇಕು. ತಣ್ಣಗಿರುವಾಗ ಬರುವ ಒತ್ತಡವನ್ನು ನಂಬಬಾರದು. ಗಟ್ಟಿ ಎಣ್ಣೆ ಸವೆದ ಬೇರಿಂಗನ್ನೂ ಮುಚ್ಚಿಡುತ್ತದೆ. ಪೂರ್ತಿ ಬಿಸಿಯಾದ ಮೇಲಿನ ಒತ್ತಡವನ್ನು ಕೈಪಿಡಿಯ ಅಂಕಿಗೆ ಹೋಲಿಸಬೇಕು. ಕೈಪಿಡಿ ಇಲ್ಲದಿದ್ದಲ್ಲಿ, ನಿಮಿಷಕ್ಕೆ ಸಾವಿರ ಸುತ್ತಿಗೆ ಸುಮಾರು 0.7 ಕಿಲೋ ಎಂಬುದು ಮೆಕ್ಯಾನಿಕರ ಹಳೆಯ ಲೆಕ್ಕ.

ಶಬ್ದದ ಗುರುತು

ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿ, ಫ್ಯಾನು ಬೆಲ್ಟುಗಳಿಂದ ದೂರ ನಿಂತು ಆಲಿಸಬೇಕು. ಮೇಲಿನಿಂದ ಬರುವ ಹಗುರವಾದ ಟಿಕ್‌ಟಿಕ್ ಟ್ಯಾಪೆಟ್ಟಿನದು. ತಣ್ಣಗಿರುವಾಗ ಜೋರಾಗಿದ್ದು ಬಿಸಿಯಾದಂತೆ ಕಡಿಮೆಯಾಗುವುದು ಪಿಸ್ಟನ್ನಿನ ಬಡಿತ. ನಡುವೇಗದಿಂದ ಆಕ್ಸಿಲರೇಟರ್ ಬಿಟ್ಟಾಗ ಕೆಳಗಿನಿಂದ ಸುತ್ತಿಗೆ ಬಡಿದಂತೆ ಕೇಳಿದರೆ ರಾಡ್ ಬೇರಿಂಗ್. ಅದಕ್ಕಿಂತಲೂ ಮಂದವಾಗಿ, ಭಾರ ಎಳೆಯುವಾಗ ಗುದ್ದಿದಂತಾದರೆ ಮೇನ್ ಬೇರಿಂಗ್. ಹಳೆಯ ಮಾದರಿಯ ಪಂಪಿರುವ ಎಂಜಿನ್ನಿನಲ್ಲಿ ನಾಝಲ್ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸಿದಾಗ ಯಾವ ಸಿಲಿಂಡರಿನಲ್ಲಿ ಶಬ್ದ ತಗ್ಗುತ್ತದೆಯೋ ದೋಷ ಅಲ್ಲಿದೆ. ಚಿಮ್ಮುವ ಡೀಸೆಲ್ ಚರ್ಮವನ್ನು ಹೊಕ್ಕುವಷ್ಟು ಬಿರುಸಾಗಿರುವುದರಿಂದ ಬೆರಳು ಒಡ್ಡಬಾರದು. ಕಾಮನ್ ರೈಲ್ ಎಂಜಿನ್ನುಗಳಲ್ಲಿ ಈ ಪರೀಕ್ಷೆಯನ್ನು ಮಾಡಲೇಬಾರದು. ಕೆಳಗಿನ ಬಡಿತ ಖಚಿತವಾದೊಡನೆ ಎಂಜಿನ್ ಆರಿಸಬೇಕು; ಎಲ್ಲರನ್ನೂ ಕರೆದು ಕೇಳಿಸುತ್ತಾ ಕೂರುವುದೂ ಸವೆತವೇ.

ಎಣ್ಣೆ ತುಂಬುವ ಮುಚ್ಚಳ ತೆಗೆದಾಗ ಹೊಗೆ ರಭಸದಿಂದ ಉಗುಳುತ್ತಿದ್ದು, ಸೈಲೆನ್ಸರಿನಲ್ಲಿ ನೀಲಿ ಹೊಗೆ ಕಂಡರೆ ರಿಂಗು, ಲೈನರುಗಳಿಗೆ ಗೀರು ಬಿದ್ದಿರಬಹುದು. ಕಂಪ್ರೆಷನ್ ಪರೀಕ್ಷೆಯಿಂದ ಅದನ್ನು ದೃಢಪಡಿಸಿಕೊಳ್ಳಬೇಕು.

ಚೇಂಬರ್ ಬಿಚ್ಚಿದಾಗ

ಬೇರಿಂಗಿನ ಸಂಶಯ ಬಂದಲ್ಲಿ ಎಂಜಿನ್ ಪೂರ್ತಿ ಇಳಿಸಿ ಎನ್ನುವ ಮೆಕ್ಯಾನಿಕನ ಮಾತಿಗೂ, ಏನೂ ಆಗಿಲ್ಲ ಓಡಿಸಿ ಎನ್ನುವವನ ಮಾತಿಗೂ ತಕ್ಷಣ ಒಪ್ಪುವುದು ಬೇಡ. ಹಲವು ಲಾರಿಗಳಲ್ಲಿ ಚೇಂಬರನ್ನಷ್ಟೇ ಕಳಚಿ, ಒಂದೆರಡು ರಾಡಿನ ಕ್ಯಾಪ್ ಬಿಚ್ಚಿ ನೋಡಬಹುದು. ಕ್ಯಾಪುಗಳಿಗೆ ಮೊದಲೇ ಗುರುತು ಹಾಕಬೇಕು. ಒಂದರದು ಇನ್ನೊಂದಕ್ಕೆ ಹೋಗಬಾರದು. ಶಾಫ್ಟಿನ ಮೇಲೆ ಉಗುರು ಎಳೆದಾಗ ಎಲ್ಲಿಯೂ ಸಿಕ್ಕದೆ, ಅಳತೆ ಸರಿಯಿದ್ದರೆ ಬೇರಿಂಗ್ ಸೆಟ್ ಬದಲಿಸಿದರೆ ಸಾಕು. ಉಗುರು ಸಿಕ್ಕಿದರೆ, ಅಥವಾ ಬಿಸಿಗೆ ನೀಲಿಗಟ್ಟಿದ್ದರೆ ಶಾಫ್ಟನ್ನು ಇಳಿಸಿ, ಬಿರುಕು ನೋಡಿಸಿ, 0.25 ಇಲ್ಲವೆ 0.50 ಮಿ.ಮೀ. ಗ್ರೈಂಡ್ ಮಾಡಿಸಿ, ಆ ಅಳತೆಯ ಬೇರಿಂಗನ್ನೇ ಹಾಕಬೇಕು. ಗೀರುಬಿದ್ದ ಶಾಫ್ಟಿನ ಮೇಲೆ ಹೊಸ ಬೇರಿಂಗ್ ಕೂರಿಸಿದರೆ ಬಹಳ ದಿನ ಬಾಳುವುದಿಲ್ಲ. ಬಡಿತ ಅಡಗಿಸಲು ಗಟ್ಟಿ ಎಣ್ಣೆ ಸುರಿಯುವುದು ಗಾಡಿ ಮಾರುವವರ ಉಪಾಯವೇ ಹೊರತು ರಿಪೇರಿಯಲ್ಲ.

ಚೇಂಬರ್ ಬಿಚ್ಚಿರುವಾಗಲೇ ಪಂಪಿನ ಜಾಲರಿಯನ್ನು ತೊಳೆದು, ಎಣ್ಣೆ ಎಲ್ಲಿ ಹೋಯಿತೆಂಬುದನ್ನೂ ಹುಡುಕಬೇಕು. ಚೇಂಬರ್ ಪ್ಯಾಕಿಂಗ್, ಕ್ಲಚ್ಚಿನ ಕಡೆಯ ಹಿಂದಿನ ಸೀಲ್, ಫಿಲ್ಟರಿನ ರಬ್ಬರ್ ಬಳೆ ಇವುಗಳ ಸುತ್ತ ಒದ್ದೆ ಧೂಳು ಕೂತಿದ್ದರೆ ಸೋರಿಕೆ ಅಲ್ಲಿಯೇ. ಎಲ್ಲಿಯೂ ಸೋರಿಕೆ ಕಾಣದೆ ನೀಲಿ ಹೊಗೆ ಬರುತ್ತಿದ್ದರೆ ಎಣ್ಣೆ ಸಿಲಿಂಡರಿನಲ್ಲಿ ಉರಿದುಹೋಗಿದೆ. ಎಂಜಿನ್ನಿನ ಉಸಿರುಕೊಳವೆ ಕೆಸರಿನಿಂದ ಕಟ್ಟಿಕೊಂಡಿದ್ದರೆ ಒಳಗಿನ ಒತ್ತಡ ಹೆಚ್ಚಿ, ಹೊಸದಾಗಿ ಹಾಕಿದ ಸೀಲಿನಿಂದಲೂ ಎಣ್ಣೆ ಹೊರಬೀಳುತ್ತದೆ. ಆದ್ದರಿಂದ ಸೀಲ್ ಬದಲಿಸುವ ಮೊದಲು ಆ ಕೊಳವೆಯನ್ನು ಬಿಚ್ಚಿ ಊದಿ ನೋಡಬೇಕು.