ಪುಟ್ಟ ನಾಯಿಯ ಕಣ್ಣು ತೆಗೆಸುವುದು: ಯಾವಾಗ ಅಗತ್ಯ, ಯಾವಾಗ ಅನಗತ್ಯ?

ಹಟ್ಟಿ, ಕಣ, ತೋಟಗಳನ್ನು ಕಾಯುವ ನಾಟಿ ನಾಯಿಯ ಜೊತೆಗೆ ಈಗ ಪೊಮೆರೇನಿಯನ್, ಪಗ್, ಷಿಟ್ಜು ಮುಂತಾದ ಸಣ್ಣ ತಳಿಯ ನಾಯಿಗಳೂ ನಮ್ಮ ಹಳ್ಳಿಯ ಮನೆಗಳನ್ನು ಸೇರಿವೆ. ಇವುಗಳ ಕಣ್ಣಿಗೆ ಪೆಟ್ಟಾಗುವ ಸಂಭವ ಹೆಚ್ಚು. ಕುಳ್ಳಗಿರುವ ಕಾರಣ ಕೂಳೆ, ಮುಳ್ಳು, ಭತ್ತದ ಮೀಸೆ ಇವುಗಳ ಕಣ್ಣಿನ ಮಟ್ಟಕ್ಕೇ ಬರುತ್ತವೆ. ಬೆಕ್ಕಿನ ಉಗುರು, ದೊಡ್ಡ ನಾಯಿಯ ಹಲ್ಲು ಸಹ ಸುಲಭವಾಗಿ ತಗಲುತ್ತವೆ. ಪಗ್‌ನಂತಹ ಮೋಟು ಮುಖದ ತಳಿಗಳಲ್ಲಿ ಕಣ್ಣಿನ ಗೂಡು ಆಳವಿಲ್ಲದೆ ಕಣ್ಣುಗುಡ್ಡೆ ಅರ್ಧ ಹೊರಗೇ ಇರುವುದರಿಂದ ಅಪಾಯ ಇನ್ನೂ ಹೆಚ್ಚು.

'ಈ ಕಣ್ಣು ತೆಗೆಯಬೇಕಾಗಬಹುದು' ಎಂದು ಪಶುವೈದ್ಯರು ಹೇಳಿದಾಗ ಮನೆಯವರು ಸಾಮಾನ್ಯವಾಗಿ ಎರಡರಲ್ಲೊಂದು ದಾರಿ ಹಿಡಿಯುತ್ತಾರೆ. ಕೆಲವರು 'ಬೇಡವೇ ಬೇಡ, ಇದ್ದಷ್ಟು ದಿನ ಇರಲಿ' ಎಂದು ನಾಯಿಯನ್ನು ಮನೆಗೆ ತರುತ್ತಾರೆ. ಅದು ತಿಂಗಳುಗಟ್ಟಲೆ ನೋವು ತಿನ್ನುತ್ತದೆ. ಇನ್ನು ಕೆಲವರು 'ಹೇಗೂ ಹೋದ ಕಣ್ಣು, ತೆಗೆದುಬಿಡಿ' ಎಂದು ಅವಸರಪಡುತ್ತಾರೆ. ಉಳಿಯಬಹುದಾಗಿದ್ದ ಕಣ್ಣು ಹೋಗುತ್ತದೆ. ಈ ಎರಡೂ ತಪ್ಪದಂತೆ ನಿರ್ಧಾರ ಮಾಡುವುದು ಹೇಗೆಂಬುದನ್ನು ಇಲ್ಲಿ ತಿಳಿಸಲಾಗಿದೆ.

ಕೇಳಿಕೊಳ್ಳಬೇಕಾದ ಎರಡು ಪ್ರಶ್ನೆಗಳು

ಮೊದಲನೆಯದು, ಆ ಕಣ್ಣಿನಲ್ಲಿ ನೋಟ ಉಳಿದಿದೆಯೆ ಅಥವಾ ಚಿಕಿತ್ಸೆಯಿಂದ ಮರಳುವ ಸಂಭವವಿದೆಯೆ? ಎರಡನೆಯದು, ಆ ಕಣ್ಣಿನಿಂದ ನಾಯಿಗೆ ನೋವಾಗಲಿ ಪ್ರಾಣಾಪಾಯವಾಗಲಿ ಇದೆಯೆ? ಈ ಎರಡಕ್ಕೆ ಸಿಗುವ ಉತ್ತರದ ಮೇಲೆ ನಿರ್ಧಾರ ನಿಂತಿದೆ.

1. ನೋಟವಿದೆ, ನೋವಿಲ್ಲ: ತೆಗೆಸುವ ಮಾತೇ ಇಲ್ಲ.
2. ನೋಟವಿದೆ, ನೋವೂ ಇದೆ: ಕಣ್ಣನ್ನು ಉಳಿಸಲು ತಡಮಾಡದೆ ಚಿಕಿತ್ಸೆ ಮಾಡಿಸಬೇಕು.
3. ನೋಟವಿಲ್ಲ, ನೋವೂ ಇಲ್ಲ: ಹಾಗೆಯೇ ಬಿಟ್ಟು ಆಗಾಗ ಪರೀಕ್ಷೆ ಮಾಡಿಸಿದರೆ ಸಾಕು.
4. ನೋಟ ಮರಳುವಂತಿಲ್ಲ, ನೋವು ಔಷಧಿಗೆ ಬಗ್ಗುತ್ತಿಲ್ಲ: ಕಣ್ಣು ತೆಗೆಸುವುದೇ ನಾಯಿಗೆ ಮಾಡುವ ಉಪಕಾರ.

ಕಣ್ಣಿನೊಳಗೆ ಗೆಡ್ಡೆ ಬೆಳೆದಿದ್ದರೆ ಮಾತ್ರ ಈ ಲೆಕ್ಕ ಬದಲಾಗುತ್ತದೆ. ನೋವಿಲ್ಲದಿದ್ದರೂ ಗೆಡ್ಡೆ ಹರಡುವ ಮುನ್ನ ತೆಗೆಸಬೇಕಾಗಬಹುದು.

ನೋವಿದೆಯೆಂದು ತಿಳಿಯುವುದು ಹೇಗೆ?

ನಾಯಿ ಅಳುವುದಿಲ್ಲ, ನರಳುವುದೂ ಕಡಿಮೆ. ಬಹುದಿನದ ಕಣ್ಣುನೋವನ್ನು ಅದು ಸುಮ್ಮನಿದ್ದು ಸಹಿಸುತ್ತದೆ. 'ಊಟ ಮಾಡುತ್ತಿದೆ, ಬಾಲ ಆಡಿಸುತ್ತಿದೆ, ಆದ್ದರಿಂದ ನೋವಿಲ್ಲ' ಎಂಬ ತೀರ್ಮಾನ ಸರಿಯಲ್ಲ. ಈ ಕೆಳಗಿನ ಲಕ್ಷಣಗಳನ್ನು ಗಮನಿಸಬೇಕು:

- ಕಣ್ಣನ್ನು ಅರ್ಧ ಮುಚ್ಚಿಕೊಂಡಿರುವುದು, ಬೆಳಕಿಗೆ ಮುಖ ತಿರುಗಿಸುವುದು
- ಕಣ್ಣೀರು ಅಥವಾ ಪಿಸುರು ಸುರಿಯುವುದು, ಬಿಳಿಭಾಗ ಕೆಂಪೇರುವುದು
- ಮುಂಗಾಲಿನಿಂದ ಅಥವಾ ನೆಲಕ್ಕೆ ಕಣ್ಣನ್ನು ಉಜ್ಜುವುದು
- ತಲೆ ಮುಟ್ಟಗೊಡದಿರುವುದು, ಹಿಂದಿಲ್ಲದಂತೆ ಗುರುಗುಟ್ಟುವುದು
- ಆಟ ಬಿಟ್ಟು ಮೂಲೆ ಹಿಡಿದು ಮಲಗುವುದು

ಕೊನೆಯ ಲಕ್ಷಣವನ್ನು ಮನೆಯವರು 'ವಯಸ್ಸಾಯಿತು' ಎಂದು ತಳ್ಳಿಹಾಕುವುದೇ ಹೆಚ್ಚು.

ನೋಟದ ಸರಳ ಪರೀಕ್ಷೆ

ಒಬ್ಬರು ನಾಯಿಯ ಚೆನ್ನಾಗಿರುವ ಕಣ್ಣನ್ನು ಅಂಗೈಯಿಂದ ಮೆಲ್ಲಗೆ ಮರೆಮಾಡಬೇಕು. ಇನ್ನೊಬ್ಬರು ರೋಗದ ಕಣ್ಣಿನ ಮುಂದೆ ಹತ್ತಿಯ ಉಂಡೆಯೊಂದನ್ನು ಮೇಲಿನಿಂದ ಬಿಡಬೇಕು. ಹತ್ತಿ ಬಿದ್ದರೆ ಸದ್ದಾಗದು, ಗಾಳಿಯೂ ಬೀಸದು. ಆದ್ದರಿಂದ ನಾಯಿ ಅದನ್ನು ಹಿಂಬಾಲಿಸಿ ನೋಡಿದರೆ ಆ ಕಣ್ಣು ಕಾಣುತ್ತಿದೆ ಎಂದರ್ಥ. ನೋಡದಿದ್ದ ಮಾತ್ರಕ್ಕೆ ಕುರುಡೆಂದು ನಿರ್ಧರಿಸಬಾರದು. ನೋವಿನಿಂದ ಕಣ್ಣು ಮುಚ್ಚಿಕೊಂಡಿರಬಹುದು, ಬೇಸರದಿಂದ ಸುಮ್ಮನಿರಬಹುದು. ಕೊನೆಯ ತೀರ್ಮಾನ ಪಶುವೈದ್ಯರದು.

ತೆಗೆಸುವ ಅಗತ್ಯವಿಲ್ಲದ ತೊಂದರೆಗಳು

*ಕಣ್ಣಿನ ಮೂಲೆಯ ಕೆಂಪು ಉಂಡೆ:* ಎಳೆಯ ನಾಯಿಗಳಲ್ಲಿ ಮೂಗಿನ ಕಡೆಯ ಮೂಲೆಯಿಂದ ಕೆಂಪು ಹಣ್ಣಿನಂತಹ ಉಂಡೆ ಹೊರಬರುವುದುಂಟು. 'ಕಣ್ಣೇ ಹೊರಬಂತು' ಎಂದು ಗಾಬರಿಯಾಗಬೇಕಿಲ್ಲ. ಇದು ಮೂರನೆಯ ರೆಪ್ಪೆಯಲ್ಲಿರುವ ಕಣ್ಣೀರಿನ ಗ್ರಂಥಿ. ಇದನ್ನು ಕತ್ತರಿಸಿ ಹಾಕಿಸಬಾರದು. ಕಣ್ಣೀರಿನ ಸುಮಾರು ಮೂರರಲ್ಲೊಂದು ಪಾಲು ಇದರಿಂದಲೇ ಬರುವುದರಿಂದ, ಕತ್ತರಿಸಿದರೆ ಮುಂದೆ ಕಣ್ಣು ಒಣಗುತ್ತದೆ. ಸಣ್ಣ ಶಸ್ತ್ರಚಿಕಿತ್ಸೆಯಿಂದ ಅದನ್ನು ಸ್ವಸ್ಥಾನಕ್ಕೆ ಸೇರಿಸಿ ಹೊಲಿಯಬಹುದು.

*ಒಣಗಣ್ಣು:* ಕಣ್ಣಿಗೆ ಹೊಳಪಿಲ್ಲದೆ ಅಂಟಂಟಾದ ಹಳದಿ ಪಿಸುರು ಸದಾ ಇರುತ್ತದೆ. ಕಣ್ಣೀರನ್ನು ಅಳೆಯುವ ಕಾಗದದ ಪಟ್ಟಿ ಒಂದು ನಿಮಿಷದಲ್ಲಿ 15 ಮಿಲಿಮೀಟರಿಗಿಂತ ಹೆಚ್ಚು ನೆನೆಯಬೇಕು. ಒಣಗಣ್ಣಿನಲ್ಲಿ ಇದಕ್ಕಿಂತ ಕಡಿಮೆ ನೆನೆಯುತ್ತದೆ. ಸೈಕ್ಲೋಸ್ಪೊರಿನ್ ಮುಲಾಮಿನಿಂದ ಬಹಳಷ್ಟು ನಾಯಿಗಳಿಗೆ ಗುಣ ಕಾಣುತ್ತದೆ. ಸಾಮಾನ್ಯವಾಗಿ ಜೀವಮಾನವಿಡೀ ಹಚ್ಚಬೇಕಾಗುತ್ತದೆ.

*ಪೊರೆ:* ಪಾಪೆಯೊಳಗೆ ಬೆಳ್ಳಗೆ ಕಾಣುವ ಪೊರೆಯಿಂದ ನೋಟ ಮಂಜಾದರೂ ಸಾಮಾನ್ಯವಾಗಿ ನೋವಿರುವುದಿಲ್ಲ. ಆದರೂ ಕಣ್ಣು ಕೆಂಪಾದರೆ ತೋರಿಸಬೇಕು.

*ಕಣ್ಣಿನ ಹುಣ್ಣು:* ಮುಳ್ಳು, ಉಗುರು ತಾಗಿ ಕಣ್ಣಿನ ಮುಂಭಾಗದ ಪಾರದರ್ಶಕ ಪದರದಲ್ಲಿ ಹುಣ್ಣಾಗುತ್ತದೆ. ಈ ಪದರದ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಹಸಿರು ಹೊಳೆಯುವ ಫ್ಲೋರೆಸೀನ್ ಬಣ್ಣ ಹಾಕಿ ಹುಣ್ಣನ್ನು ಪತ್ತೆ ಹಚ್ಚುತ್ತಾರೆ. ಮೊದಲ ದಿನಗಳಲ್ಲೇ ಚಿಕಿತ್ಸೆ ಸಿಕ್ಕರೆ ಮೇಲುಹುಣ್ಣುಗಳು ಬಹುಪಾಲು ವಾಸಿಯಾಗುತ್ತವೆ. ಆಳವಾದ ಹುಣ್ಣಿಗೂ ಪಕ್ಕದ ತೆಳುಪೊರೆಯನ್ನು ಎಳೆದು ಹೊಲಿದು ಕಣ್ಣುಳಿಸುವ ವಿಧಾನವಿದೆ.

ಮನೆಯಲ್ಲಿ ಉಳಿದಿರುವ ಕಣ್ಣಿನ ಹನಿಗಳನ್ನು ನಾಯಿಗೆ ಹಾಕುವ ರೂಢಿಯನ್ನು ಖಂಡಿತ ಬಿಡಬೇಕು. ಅವುಗಳಲ್ಲಿ ಡೆಕ್ಸಾಮೆಥಾಸೋನ್‌ನಂತಹ ಸ್ಟೀರಾಯ್ಡ್ ಇದ್ದರೆ ಹುಣ್ಣು ಬೇಗನೆ ಆಳಕ್ಕಿಳಿದು ಕಣ್ಣು ತೂತಾಗಬಹುದು. ಸೊಪ್ಪಿನ ರಸ, ಉಪ್ಪು, ಹೊಗೆಸೊಪ್ಪಿನ ನೀರು ಇವುಗಳನ್ನೂ ಹಾಕಬಾರದು.

ತೆಗೆಸಬೇಕಾಗುವ ಸಂದರ್ಭಗಳು

*ಕಣ್ಣಿನ ಒತ್ತಡ ಏರುವುದು:* ಇದೇ ಗ್ಲಾಕೋಮ. ನಾಯಿಯ ಕಣ್ಣಿನೊಳಗಿನ ಒತ್ತಡ ಸಾಮಾನ್ಯವಾಗಿ ಪಾದರಸದ 10ರಿಂದ 25 ಮಿಲಿಮೀಟರ್‌ನೊಳಗೆ ಇರುತ್ತದೆ. ಕಣ್ಣೊಳಗಿನ ದ್ರವ ಹೊರಹೋಗುವ ದಾರಿ ಕಟ್ಟಿಕೊಂಡರೆ ಒತ್ತಡ ಏರಿ ಕಣ್ಣಿನ ನರ ಸಾಯುತ್ತದೆ. ಕಣ್ಣು ಕೆಂಪಾಗಿ, ನೀಲಿಬೆರೆತ ಮಂಜು ಕವಿದು, ಪಾಪೆ ಅರಳಿ ನಿಲ್ಲುತ್ತದೆ. ಒತ್ತಡ ಥಟ್ಟನೆ ಏರಿದಾಗ ಒಂದೆರಡು ದಿನಗಳಲ್ಲೇ, ಕೆಲವೊಮ್ಮೆ ಗಂಟೆಗಳಲ್ಲೇ, ನೋಟ ಶಾಶ್ವತವಾಗಿ ಹೋಗಬಹುದು. ಆದುದರಿಂದ ಆರಂಭದಲ್ಲಿ ಇದು ತುರ್ತು ಚಿಕಿತ್ಸೆಯ ವಿಷಯ. ನೋಟ ಹೋಗಿ ಕಣ್ಣು ಊದಿ ದೊಡ್ಡದಾದ ಮೇಲೂ ನೋವು ಮಾತ್ರ ನಿಲ್ಲುವುದಿಲ್ಲ. ಕಣ್ಣು ತೆಗೆಸಲೇಬೇಕಾಗುವ ಮುಖ್ಯ ಸಂದರ್ಭ ಇದು. ತಳಿಯಿಂದ ಬಂದ ಗ್ಲಾಕೋಮವಾದರೆ ಇನ್ನೊಂದು ಕಣ್ಣಿಗೂ ಬರುವ ಸಂಭವವಿರುವುದರಿಂದ ಅದಕ್ಕೆ ಮುಂಜಾಗ್ರತೆಯ ಹನಿ ಹಾಕಿಸಬೇಕು.

*ಗುಡ್ಡೆ ಗೂಡಿನಿಂದ ಹೊರಬರುವುದು:* ನಾಯಿಜಗಳ, ವಾಹನದ ಪೆಟ್ಟು, ಕತ್ತಿನ ಚರ್ಮ ಹಿಡಿದು ಜೋರಾಗಿ ಎಳೆಯುವುದು ಇದಕ್ಕೆ ಕಾರಣ. ಬೇಗ ತಲುಪಿದರೆ ಗುಡ್ಡೆಯನ್ನು ಒಳಸೇರಿಸಿ ರೆಪ್ಪೆಗಳನ್ನು ಎರಡು ಮೂರು ವಾರ ಹೊಲಿದಿಡುತ್ತಾರೆ. ನೋಟ ಮರಳುವುದು ಕೆಲವಕ್ಕೆ ಮಾತ್ರ. ಆದರೂ ನೋವಿಲ್ಲದ ಕಣ್ಣು ಉಳಿದೀತು. ಗುಡ್ಡೆ ಒಡೆದಿದ್ದರೆ ಅಥವಾ ಅದನ್ನು ಹಿಡಿದಿಟ್ಟ ಸ್ನಾಯುಗಳು ಬಹುವಾಗಿ ಹರಿದಿದ್ದರೆ ತೆಗೆಯುವುದೇ ಸರಿ.

*ತೂತಾಗಿ ಕೀವುಗಟ್ಟಿದ ಕಣ್ಣು, ಗೆಡ್ಡೆ:* ಸೋಂಕು ಕಣ್ಣಿನೊಳಗೆಲ್ಲ ಹಬ್ಬಿ ಔಷಧಿಗೆ ಬಗ್ಗದಿದ್ದರೆ ತೆಗೆಸಬೇಕಾಗುತ್ತದೆ. ಗೆಡ್ಡೆಗಾಗಿ ತೆಗೆದ ಕಣ್ಣನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಅದು ಯಾವ ಬಗೆಯ ಗೆಡ್ಡೆಯೆಂದು ತಿಳಿಯುವುದು ಒಳಿತು.

ಉಣ್ಣೆ ಜ್ವರದ ಎಚ್ಚರಿಕೆ

ನಾಯಿಯ ಮೈಮೇಲಿನ ಕಂದು ಉಣ್ಣೆಗಳಿಂದ ಹರಡುವ ಎರ್ಲಿಕಿಯೋಸಿಸ್ ಎಂಬ ಜ್ವರದಲ್ಲಿ ಕಣ್ಣೊಳಗೆ ಉರಿಯೂತವಾಗಿ ರಕ್ತ ತುಂಬಿಕೊಳ್ಳಬಹುದು. ಇಂತಹ ಕಣ್ಣನ್ನು ಕಂಡು 'ಪೆಟ್ಟು ಬಿದ್ದಿದೆ' ಎಂದು ತಿಳಿಯುವುದುಂಟು. ರಕ್ತಪರೀಕ್ಷೆ ಮಾಡಿಸಿ ಡಾಕ್ಸಿಸೈಕ್ಲಿನ್ ಮುಂತಾದ ಔಷಧಿ ಕೊಡಿಸಿದರೆ ಕೆಲವೊಮ್ಮೆ ನೋಟ ಸಹ ಉಳಿಯುತ್ತದೆ. ಈ ಜ್ವರದಲ್ಲಿ ರಕ್ತ ಹೆಪ್ಪುಗಟ್ಟಿಸುವ ಕಣಗಳು ಕಡಿಮೆಯಾಗುವುದರಿಂದ, ಪರೀಕ್ಷೆಯಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿದರೆ ರಕ್ತಸ್ರಾವ ನಿಲ್ಲದೆ ಅಪಾಯವಾದೀತು.

ಗುಡ್ಡೆ ಹೊರಬಂದಾಗ ತುರ್ತಾಗಿ ಮಾಡಬೇಕಾದುದು

1. ಗುಡ್ಡೆಯನ್ನು ಬೆರಳಿನಿಂದ ಒಳಕ್ಕೆ ತಳ್ಳಬಾರದು.
2. ಔಷಧಿ ಅಂಗಡಿಯಲ್ಲಿ ಸಿಗುವ ನಾರ್ಮಲ್ ಸಲೈನ್‌ನಲ್ಲಿ ನೆನೆಸಿದ ಶುಭ್ರ ಬಟ್ಟೆಯನ್ನು ಮೇಲೆ ಹಾಕಿ, ಒಣಗದಂತೆ ಆಗಾಗ ಹನಿಸುತ್ತಿರಬೇಕು. ಸಲೈನ್ ಇಲ್ಲದಿದ್ದರೆ ಕುದಿಸಿ ಆರಿಸಿದ ನೀರು ಆದೀತು.
3. ನಾಯಿ ಪರಚಿಕೊಳ್ಳದಂತೆ ಟವಲಿನಲ್ಲಿ ಸುತ್ತಿ ಎತ್ತಿಕೊಳ್ಳಬೇಕು. ಕತ್ತಿಗೆ ಹಗ್ಗ ಬಿಗಿಯಬಾರದು.
4. ಬೆಳಗಾಗಲೆಂದು ಕಾಯದೆ ಪಶುವೈದ್ಯರ ಬಳಿಗೆ ಒಯ್ಯಬೇಕು.
5. ಬೇರೆ ನಾಯಿ ಕಚ್ಚಿದ್ದರೆ ಹುಚ್ಚುನಾಯಿ ರೋಗದ ಲಸಿಕೆಯ ವಿಷಯವನ್ನು ಮರೆಯದೆ ಕೇಳಬೇಕು. ಮೈಮೇಲಿನ ಗಾಯವನ್ನು 15 ನಿಮಿಷ ಸೋಪು ನೀರಿನಿಂದ ತೊಳೆಯಬೇಕು. ಕಣ್ಣಿಗೆ ಸೋಪು ತಾಗಬಾರದು. ನೋವಿನ ಭರದಲ್ಲಿ ಸಾಕಿದ ನಾಯಿಯೂ ಕಚ್ಚುತ್ತದೆ. ಕಚ್ಚಿದರೆ ನಿಮ್ಮ ಗಾಯವನ್ನೂ ಹಾಗೆಯೇ ತೊಳೆದು ಆಸ್ಪತ್ರೆಗೆ ಹೋಗಬೇಕು.

ಶಸ್ತ್ರಚಿಕಿತ್ಸೆ ಮತ್ತು ಆರೈಕೆ

ರಕ್ತ, ಮೂತ್ರಪಿಂಡ, ಹೃದಯಗಳ ಪರೀಕ್ಷೆಯಾದ ಬಳಿಕ ನಾಯಿಗೆ ಪೂರ್ಣ ಅರಿವಳಿಕೆ ಕೊಟ್ಟು ಗುಡ್ಡೆಯನ್ನೂ ಮೂರನೆಯ ರೆಪ್ಪೆಯನ್ನೂ ತೆಗೆದು, ರೆಪ್ಪೆಗಳ ಅಂಚನ್ನು ಸವರಿ ಒಂದಕ್ಕೊಂದು ಹೊಲಿಯುತ್ತಾರೆ. ಎಷ್ಟು ಹೊತ್ತು ಉಪವಾಸವಿಡಬೇಕೆಂಬುದನ್ನು ಮೊದಲೇ ಕೇಳಿ ತಿಳಿಯಬೇಕು; ತೀರ ಸಣ್ಣ ಮರಿಗಳನ್ನು ಬಹಳ ಹೊತ್ತು ಉಪವಾಸ ಕೆಡವಬಾರದು.

ಮೊದಲ ಕೆಲವು ದಿನ ಬಾವು ಇರುತ್ತದೆ. ಆ ಕಡೆಯ ಮೂಗಿನ ಹೊಳ್ಳೆಯಿಂದ ರಕ್ತಬೆರೆತ ನೀರು ಸ್ವಲ್ಪ ಬರಬಹುದು. ಕಣ್ಣೀರಿನ ನಾಳ ಮೂಗಿಗೆ ತೆರೆಯುವುದೇ ಇದಕ್ಕೆ ಕಾರಣ. ಬಾವು ದಿನದಿಂದ ದಿನಕ್ಕೆ ಹೆಚ್ಚಿದರೆ, ಕೀವು ಅಥವಾ ರಕ್ತ ತೊಟ್ಟಿಕ್ಕಿದರೆ ಕೂಡಲೇ ತೋರಿಸಬೇಕು. ಹೊಲಿಗೆ ಬಿಚ್ಚುವ 10ರಿಂದ 14 ದಿನಗಳವರೆಗೆ ಕುತ್ತಿಗೆಗೆ ಪ್ಲಾಸ್ಟಿಕ್ ಕಾಲರ್ ಇರಲೇಬೇಕು. ಮನುಷ್ಯರ ನೋವಿನ ಮಾತ್ರೆಗಳನ್ನು ಕೊಡಕೂಡದು; ಐಬುಪ್ರೊಫೇನ್ ನಾಯಿಗೆ ವಿಷ.

ಒಂದು ಕಣ್ಣಿನ ನಾಯಿಗೆ ಮೊದಮೊದಲು ದೂರದ ಅಂದಾಜು ತಪ್ಪುತ್ತದೆ. ಕೆಲವು ವಾರಗಳಲ್ಲಿ ಹೊಂದಿಕೊಳ್ಳುತ್ತದೆ. ಅಲ್ಲಿಯವರೆಗೆ ತೆರೆದ ಬಾವಿ, ಕೃಷಿಹೊಂಡ, ರಸ್ತೆಯ ಕಡೆ ಬಿಡಬಾರದು. ಕಣ್ಣಿಲ್ಲದ ಕಡೆಯಿಂದ ಹೋಗುವಾಗ ಮೊದಲು ಹೆಸರು ಹಿಡಿದು ಕರೆದು ಆಮೇಲೆ ಮುಟ್ಟಬೇಕು. ಮಕ್ಕಳಿಗೂ ಇದನ್ನು ಕಲಿಸಬೇಕು.

ಸಾಮಾನ್ಯ ಸಂದೇಹಗಳು

*ಕಣ್ಣು ತೆಗೆಸದೆ ನೋವಿನ ಮಾತ್ರೆ ಕೊಡುತ್ತ ಹೋದರೆ ಆಗದೆ?*
ಮಾತ್ರೆಯಿಂದ ಒತ್ತಡ ಇಳಿಯುವುದಿಲ್ಲ. ಬಹುಕಾಲ ಕೊಟ್ಟರೆ ಹೊಟ್ಟೆ, ಮೂತ್ರಪಿಂಡಗಳಿಗೆ ತೊಂದರೆ. ಕುರುಡಾದ ಗ್ಲಾಕೋಮದ ಕಣ್ಣೊಳಗೆ ಔಷಧಿ ಚುಚ್ಚಿ ಒತ್ತಡ ಇಳಿಸುವ ವಿಧಾನವಿದೆ. ಅರಿವಳಿಕೆ ತಡೆಯಲಾರದ ನಾಯಿಗಳಿಗೆ ಇದನ್ನು ಯೋಚಿಸಬಹುದು. ಗೆಡ್ಡೆಯ ಶಂಕೆಯಿದ್ದರೆ ಮಾಡಿಸಬಾರದು.

*ಹನ್ನೆರಡು ವರ್ಷದ ಮುದಿ ನಾಯಿ ತಡೆದೀತೆ?*
ವಯಸ್ಸೊಂದೇ ಅಡ್ಡಿಯಲ್ಲ. ಹೃದಯ, ಮೂತ್ರಪಿಂಡ ಸರಿಯಿದ್ದರೆ ಮುದಿ ನಾಯಿಗಳೂ ತಡೆಯುತ್ತವೆ.

*ಒಕ್ಕಣ್ಣಿನ ನಾಯಿ ಮನೆ ಕಾದೀತೆ?*
ನಾಯಿ ಕಾಯುವುದು ಮುಖ್ಯವಾಗಿ ಕಿವಿ, ಮೂಗಿನಿಂದ. ನೋವಿನಿಂದ ಮೂಲೆ ಹಿಡಿದಿದ್ದ ನಾಯಿ ಕಣ್ಣು ತೆಗೆಸಿದ ಬಳಿಕ ಮತ್ತೆ ಬಾಗಿಲಿಗೆ ಬರುವುದು ಸಾಮಾನ್ಯ. ಎರಡೂ ಕಣ್ಣು ಹೋದ ನಾಯಿಗಳು ಸಹ ಪರಿಚಿತ ಮನೆ, ಅಂಗಳಗಳಲ್ಲಿ ವಾಸನೆ, ಸದ್ದು ಹಿಡಿದು ಓಡಾಡುತ್ತವೆ.

*ನೋಡಲು ವಿಕಾರವಾಗುವುದಿಲ್ಲವೆ? ದಯಾಮರಣ ವಾಸಿಯಲ್ಲವೆ?*
ಕೂದಲು ಬೆಳೆದ ಮೇಲೆ ಮುಚ್ಚಿದ ರೆಪ್ಪೆಯಷ್ಟೇ ಕಾಣುತ್ತದೆ. ಅಂದಗೆಟ್ಟಿತೆಂಬ ಚಿಂತೆ, ಅಪಶಕುನವೆಂಬ ಅಂಜಿಕೆ ಮನುಷ್ಯನವು, ನಾಯಿಯವಲ್ಲ. ಕಣ್ಣೊಂದನ್ನು ಬಿಟ್ಟು ಉಳಿದಂತೆ ಆರೋಗ್ಯವಾಗಿರುವ ನಾಯಿಗೆ ದಯಾಮರಣದ ಅಗತ್ಯವಿಲ್ಲ.

ಪಶುವೈದ್ಯರನ್ನು ಕೇಳಬೇಕಾದುದು

ನೋಟ ಮರಳುವ ಸಂಭವವೆಷ್ಟು? ಕಣ್ಣು ಕೆಡಲು ಮೂಲ ಕಾರಣವೇನು? ಇನ್ನೊಂದು ಕಣ್ಣು ಹೇಗಿದೆ? ಔಷಧಿ ಎಷ್ಟು ದಿನ ಹಾಕಿ ನೋಡಬಹುದು? ಎರಡೂ ದಾರಿಗಳ ಒಟ್ಟು ಖರ್ಚೆಷ್ಟು? ತಿಂಗಳುಗಟ್ಟಲೆ ಹನಿ ಹಾಕುವ ಖರ್ಚು ಒಮ್ಮೆ ಮಾಡುವ ಶಸ್ತ್ರಚಿಕಿತ್ಸೆಯ ಖರ್ಚನ್ನು ಮೀರುವುದೂ ಉಂಟು. ಸಂದೇಹವಿದ್ದರೆ ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳಲ್ಲಿ ತೋರಿಸಿ ಎರಡನೆಯ ಅಭಿಪ್ರಾಯ ಪಡೆಯಬಹುದು.

ಒಟ್ಟಿನಲ್ಲಿ, ನೋಟವಿರುವ ಕಣ್ಣನ್ನು ಉಳಿಸಲು ಒಂದು ದಿನವನ್ನೂ ತಡಮಾಡಬಾರದು. ನೋಟ ಹೋಗಿ ನೋವಷ್ಟೇ ಉಳಿದ ಕಣ್ಣನ್ನು ಮಮತೆಯ ಹೆಸರಿನಲ್ಲಿ ಉಳಿಸಿಕೊಳ್ಳಬಾರದು.